‘ಹಂಗಾಮಿ’ ಎಂಬ ಸುಳ್ಳಿಗೆ ಎಷ್ಟು ವರ್ಷ ಆಯುಸ್ಸು?

ಮೊನ್ನೆ ಒಬ್ಬ ಹಿರಿಯ ಕೆಲಸಗಾರರು ಬಗಲಲ್ಲಿ ಬಟ್ಟೆಯ ಗಂಟೊಂದನ್ನು ಇಟ್ಟುಕೊಂಡು ನಮ್ಮ ಕಚೇರಿಗೆ ಬಂದರು. ಗಂಟು ಬಿಚ್ಚಿದರೆ ಅದರಲ್ಲಿದ್ದದ್ದು ಬುತ್ತಿಯಲ್ಲ, ಕಾಗದ. ಇಪ್ಪತ್ತೆರಡು ವರ್ಷಗಳ ಹಾಜರಿ ಚೀಟಿಗಳು, ಮಾಸಿದ ಹುಕುಮುಗಳು, ವಕೀಲರದೊಂದು ನೋಟೀಸು. ಊರಿಗೆ ನೀರೆತ್ತುವ ಪಂಪಿನ ಮನೆಯಲ್ಲಿ ಅವರ ದುಡಿಮೆ. ಈ ಇಪ್ಪತ್ತೆರಡು ವರ್ಷಗಳಲ್ಲಿ ಊರ ಜನರ ಬಾಯಾರಿಕೆ ಒಂದು ದಿನವೂ ಹಂಗಾಮಿಯಾಗಿರಲಿಲ್ಲ. ನೀರು ಕೊಟ್ಟವರ ಕೆಲಸ ಮಾತ್ರ ಇಂದಿಗೂ ಹಂಗಾಮಿ!

“ಸುಪ್ರೀಂ ಕೋರ್ಟು ನಮ್ಮಂಥವರ ಪರವಾಗಿ ತೀರ್ಪು ಕೊಟ್ಟಿದೆಯಂತೆ, ಹೌದೇ?” ಎಂದು ಅವರು ಕೇಳಿದರು. ಹೌದು ಎಂದೆವು. “ಹಾಗಾದರೆ ನಮ್ಮ ಸಾಹೇಬರು, ಖಾಯಂ ಮಾಡಕೂಡದು ಎಂದು ಸುಪ್ರೀಂ ಕೋರ್ಟೇ ಹೇಳಿದೆ ಅನ್ನುತ್ತಾರಲ್ಲ?” ಎಂದರು. ಅದಕ್ಕೂ ಹೌದು ಎನ್ನಬೇಕಾಯಿತು.

ಒಂದೇ ನ್ಯಾಯಾಸ್ಥಾನದ ಹೆಸರಿನಲ್ಲಿ ಎರಡು ಮಾತು. ಒಂದನ್ನು ಸಾಹೇಬರು ಗಾಜಿನ ಚೌಕಟ್ಟು ಹಾಕಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಇನ್ನೊಂದನ್ನು ಕಪಾಟಿನೊಳಗೆ ಇಟ್ಟು ಬೀಗ ಜಡಿದಿದ್ದಾರೆ. ಆ ಬೀಗ ತೆಗೆಯುವುದೇ ಈ ಲೇಖನದ ಉದ್ದೇಶ. ಕಾನೂನು ವಕೀಲರ ಮನೆಯ ಸ್ವತ್ತಲ್ಲ. ಅದರಿಂದ ಯಾರ ಅನ್ನ ಹೋಗುತ್ತದೆಯೋ ಅವರಿಗೇ ಮೊದಲು ಅದು ತಿಳಿಯಬೇಕು.

ಧಾರವಾಡದಿಂದ ದಿಲ್ಲಿಗೆ

ಈ ಕಥೆ ನಮ್ಮ ನಾಡಿನಲ್ಲೇ ಆರಂಭವಾಗುತ್ತದೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ವರ್ಷಗಟ್ಟಲೆ ಖಾಯಂ ನೌಕರರ ಕೆಲಸವನ್ನೇ ಮಾಡಿದರೂ ದಿನದ ಕೂಲಿ, ದಿನದ ಭಯ. 1990ರಲ್ಲಿ ತೀರ್ಪು ಬಂತು. ಹತ್ತು ವರ್ಷ ಸೇವೆ ಮುಗಿಸಿದವರಲ್ಲಿ 18,600 ಮಂದಿಯನ್ನು ಆ ವರ್ಷದ ಜನವರಿ 1ರಿಂದಲೇ ಖಾಯಂ ಮಾಡಬೇಕು, ಉಳಿದವರನ್ನು ಹಂತ ಹಂತವಾಗಿ ಸೇರಿಸಿಕೊಳ್ಳಬೇಕು ಎಂದು ಯೋಜನೆ ನಿಗದಿಯಾಯಿತು. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬುದು ಭಾಷಣದ ಮಾತಲ್ಲ, ಸಂವಿಧಾನದ ಮಾತು ಎಂದು ನ್ಯಾಯಾಲಯವೇ ಒಪ್ಪಿದ ಕಾಲ ಅದು.

ಆಮೇಲೆ ಗಾಳಿ ತಿರುಗಿತು. ಅದು ತಿರುಗಿದ್ದೂ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಸುಮಾರಿಗೆ ದಿನಗೂಲಿಗೆ ಸೇರಿದವರು ಹತ್ತು ವರ್ಷಕ್ಕೂ ಮೀರಿ ದುಡಿದು, ನಮ್ಮನ್ನು ಖಾಯಂ ಮಾಡಿ ಎಂದು ಕೇಳಿದ್ದರು. ಹೈಕೋರ್ಟು ಅವರ ಕಡೆಗೆ ಒಲಿದಿತ್ತು. ಕರ್ನಾಟಕ ಸರಕಾರ ಮೇಲ್ಮನವಿ ಹೋಯಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಆ ತೀರ್ಪನ್ನೇ ಇಂದು ದೇಶವೆಲ್ಲ ‘ಉಮಾದೇವಿ ತೀರ್ಪು’ ಎಂದು ಕರೆಯುತ್ತದೆ. ಸರಕಾರಿ ಕೆಲಸಕ್ಕೆ ಎಲ್ಲರಿಗೂ ಸಮಾನ ಅವಕಾಶ ಇರಬೇಕು, ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಅದರಿಂದಲೇ ಖಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂಬುದು ಅದರ ತಿರುಳು.

ಈ ಮಾತಿನಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮಂತ್ರಿಯ ಭಾವಮೈದುನ, ಅಧ್ಯಕ್ಷರ ಅಳಿಯ, ಲಂಚ ಕೊಟ್ಟವನ ಮಗ ಹಿಂಬಾಗಿಲಿನಿಂದ ನುಸುಳುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಪರೀಕ್ಷೆಗೆ ಓದಿ ವರ್ಷಗಟ್ಟಲೆ ಕಾಯುವ ಬಡವರ ಮಕ್ಕಳೂ ನಮ್ಮ ಮಕ್ಕಳೇ. ಅವರ ಪಾಲನ್ನು ಯಾರೂ ಕದಿಯಬಾರದು.

ಆದರೆ ಹಿಂಬಾಗಿಲು ತೆರೆದವರು ಯಾರು? ಪಂಪು ನಡೆಸುವವನೇ? ಕಸ ಗುಡಿಸುವವಳೇ? ಕೆಲಸ ಖಾಯಂ ಎಂದು ಗೊತ್ತಿದ್ದೂ ಹುದ್ದೆ ಮಂಜೂರು ಮಾಡದೆ, ಜಾಹಿರಾತು ಕೊಡದೆ, ಸಂದರ್ಶನ ನಡೆಸದೆ, ‘ನಾಳೆಯಿಂದ ಬಾ’ ಎಂದು ಕರೆದವನು ಅಧಿಕಾರಿ. ತಪ್ಪು ಮಾಡಿದವನು ಬಡ್ತಿ ಪಡೆದು, ಪಿಂಚಣಿ ಹಿಡಿದು ಮನೆಗೆ ಹೋದ. ತಪ್ಪಿನ ದಂಡ ತೆತ್ತವನು ಕರೆದಾಗ ಬಂದು ದುಡಿದವನು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಅರ್ಧ ತೀರ್ಪನ್ನೇ ಓದುವ ಕಣ್ಣು

ಇನ್ನೊಂದು ಸಂಗತಿ ಇದೆ. ಉಮಾದೇವಿ ತೀರ್ಪು ಬಾಗಿಲನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಮಂಜೂರಾದ ಖಾಲಿ ಹುದ್ದೆಯಲ್ಲಿ, ತಕ್ಕ ವಿದ್ಯಾರ್ಹತೆ ಇದ್ದು, ನ್ಯಾಯಾಲಯದ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಖಾಯಂ ಮಾಡಿರಿ, ಆ ಕೆಲಸವನ್ನು ಆರು ತಿಂಗಳಲ್ಲಿ ಶುರು ಮಾಡಿರಿ ಎಂದು ಅದೇ ತೀರ್ಪು ಸರಕಾರಗಳಿಗೆ ಹೇಳಿತ್ತು. ನ್ಯಾಯ ಕೇಳಿ ಕೋರ್ಟಿಗೆ ಹೋಗಿ, ತಡೆಯಾಜ್ಞೆಯಿಂದ ಕೆಲಸ ಉಳಿಸಿಕೊಂಡವನ ವರ್ಷಗಳು ಲೆಕ್ಕಕ್ಕಿಲ್ಲ, ತೆಪ್ಪಗೆ ಕೂತವನ ವರ್ಷಗಳು ಲೆಕ್ಕಕ್ಕಿವೆ ಎಂಬ ವಿಚಿತ್ರ ಅದರಲ್ಲಿ ಇದ್ದೇ ಇದೆ. ಆದರೂ ಅಷ್ಟು ಮಾತನ್ನಾದರೂ ಸರಕಾರಗಳು ನಡೆಸಿದವೇ?

ನಾಲ್ಕು ವರ್ಷ ಕಳೆದ ಮೇಲೆ, 2010ರಲ್ಲಿ, ನಮ್ಮ ರಾಜ್ಯದ ಒಂದು ಜಿಲ್ಲಾ ಪಂಚಾಯಿತಿಯ ದಿನಗೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಬಿಡಿಸಿ ಹೇಳಬೇಕಾಯಿತು. ಒಂದು ಬಾರಿಯ ಕ್ರಮ ಎಂದರೆ ಕೆಲವರನ್ನು ನೋಡಿ ಉಳಿದವರನ್ನು ಬಿಡುವುದಲ್ಲ. 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ತುಂಬಿದ ಅರ್ಹರೆಲ್ಲರ ಹೆಸರನ್ನೂ ಪರಿಶೀಲಿಸಬೇಕು. ಇಲಾಖೆ ಆ ಕೆಲಸವನ್ನು ಮಾಡದೆ ಉಳಿಸಿದ್ದರೆ ನೌಕರನ ಹಕ್ಕು ಸಾಯುವುದಿಲ್ಲ ಎಂದಿತು. 2016ರ ಅಕ್ಟೋಬರ್ 26ರಂದು ಪಂಜಾಬಿನ ಮೊಕದ್ದಮೆಯಲ್ಲಿ, ಹಂಗಾಮಿ ನೌಕರನೂ ಖಾಯಂ ನೌಕರನ ಕೆಲಸವನ್ನೇ ಮಾಡುತ್ತಿದ್ದರೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಸಂಬಳಕ್ಕೆ ಅವನು ಹಕ್ಕುದಾರ ಎಂದಿತು. ಖಾಯಂ ಆಗುವುದು ಒಂದು ಪ್ರಶ್ನೆ, ಸಮಾನ ಕೂಲಿ ಇನ್ನೊಂದು ಪ್ರಶ್ನೆ. ಮೊದಲನೆಯದು ಇಲ್ಲವೆಂದು ಎರಡನೆಯದನ್ನು ನುಂಗಲಾಗದು.

ಇವನ್ನು ಯಾವ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ? ಯಾವ ಸಾಹೇಬರು ಇವನ್ನು ಬಾಯಿಪಾಠ ಮಾಡಿದ್ದಾರೆ? ತೀರ್ಪಿನಲ್ಲಿ ತಮಗೆ ಬೇಕಾದ ಪುಟ ಮಾತ್ರ ಕಾಣುವ ಕಣ್ಣು ಅವರದು.

ಹೊಸ ತೀರ್ಪುಗಳು ಏನು ಹೇಳುತ್ತವೆ?

2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಈ ಕಪಟವನ್ನು ಹೆಸರಿಟ್ಟು ಕರೆಯಿತು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದವರು, ತೋಟ ನೋಡಿಕೊಳ್ಳುತ್ತಿದ್ದವರು. ಒಬ್ಬರು 1993ರಿಂದ, ಉಳಿದವರು 1998-99ರಿಂದ ದುಡಿದವರು. ನಮ್ಮನ್ನು ಖಾಯಂ ಮಾಡಿ ಎಂದು ನ್ಯಾಯಮಂಡಳಿಗೆ ಅರ್ಜಿ ಹಾಕಿದರು. 2018ರಲ್ಲಿ ಅರ್ಜಿ ವಜಾ ಆಯಿತು. ಅದೇ ವರ್ಷ ಅವರ ಕೆಲಸವೂ ವಜಾ ಆಯಿತು! ಕೇಳಿದ್ದೇ ಅಪರಾಧ. ಸುಪ್ರೀಂ ಕೋರ್ಟು ಆ ವಜಾ ಹುಕುಮನ್ನು ರದ್ದು ಮಾಡಿತು, ಕೂಡಲೇ ಕೆಲಸಕ್ಕೆ ಸೇರಿಸಿ ಖಾಯಂ ಮಾಡಿ ಎಂದಿತು. ವರ್ಷಗಟ್ಟಲೆ ಸತತವಾಗಿ ನಡೆಯುವ, ಕಚೇರಿಗೆ ಬೇಕೇ ಬೇಕಾದ ಕೆಲಸಕ್ಕೆ ಹಂಗಾಮಿ ಎಂಬ ಚೀಟಿ ಅಂಟಿಸಿ ಹಕ್ಕು ಕಸಿಯುವುದು ಶೋಷಣೆ, ಉಮಾದೇವಿ ತೀರ್ಪನ್ನು ಅದಕ್ಕೆ ಗುರಾಣಿ ಮಾಡಿಕೊಳ್ಳುವುದು ದುರುಪಯೋಗ ಎಂಬುದು ಆ ತೀರ್ಪಿನ ಭಾವ. ಕೆಲಸವಿಲ್ಲದೆ ಕಳೆದ ವರ್ಷಗಳ ಸಂಬಳವನ್ನು ಮಾತ್ರ ಕೊಡಲಿಲ್ಲ. ಅಷ್ಟು ವರ್ಷದ ಅನ್ನ ಹೋಗಿದ್ದು ಹೋದ ಹಾಗೇ.

2025ರ ಜನವರಿ 31ರಂದು ಗಾಜಿಯಾಬಾದ್ ನಗರ ನಿಗಮದ ತೋಟಗಾರರ ಮೊಕದ್ದಮೆ ತೀರಿತು. ಅವರು 1998ರಿಂದ ದುಡಿದವರು. 2005ರಲ್ಲಿ, ವಿವಾದ ಇನ್ನೂ ಸಂಧಾನದಲ್ಲಿ ಇರುವಾಗಲೇ, ನೋಟೀಸಿಲ್ಲದೆ ಅವರನ್ನು ಹೊರದೂಡಿದ್ದರು. ನಿಗಮ ಹೇಳಿದ್ದು, ‘ಇವರು ನಮ್ಮವರಲ್ಲ, ಕಂತ್ರಾಟುದಾರನ ಆಳುಗಳು’ ಎಂದು. ಕಂತ್ರಾಟಿನ ಕಾಗದ ಎಲ್ಲಿ ಎಂದರೆ ಕಾಗದವಿಲ್ಲ. ಹಾಜರಿ ಪುಸ್ತಕ ತನ್ನಿ ಎಂದರೆ ಪುಸ್ತಕವಿಲ್ಲ. ಪುಸ್ತಕ ಬಚ್ಚಿಟ್ಟವನ ವಿರುದ್ಧವೇ ತೀರ್ಮಾನ ಆಗಬೇಕು ಎಂಬ ನ್ಯಾಯ ಇಲ್ಲಿ ನಡೆಯಿತು. ಮರಳಿ ಕೆಲಸ, ಅರ್ಧ ಹಿಂಬಾಕಿ ಸಂಬಳ. ಇಪ್ಪತ್ತು ವರ್ಷದ ಮೇಲೆ ಬಂದ ನ್ಯಾಯ!

2025ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿಗಳ ಸರದಿ. ಹುದ್ದೆ ಮಂಜೂರು ಮಾಡಲು ದುಡ್ಡಿಲ್ಲ ಎಂದು ಸರಕಾರ ವರ್ಷಗಟ್ಟಲೆ ಹೇಳಿಕೊಂಡು ಬಂದಿತ್ತು. ಸರಕಾರ ಸಂತೆಯಲ್ಲಿ ಆಳು ಹುಡುಕುವ ವರ್ತಕನಲ್ಲ, ಅದು ಸಂವಿಧಾನಕ್ಕೆ ಬದ್ಧನಾದ ಯಜಮಾನ. ಅತ್ಯಂತ ಕೆಳಗಿನ ಕೆಲಸ ಮಾಡುವವರ ಬೆನ್ನ ಮೇಲೆ ಆಯವ್ಯಯವನ್ನು ಸರಿದೂಗಿಸಕೂಡದು ಎಂಬ ಅರ್ಥದ ಮಾತನ್ನು ಹೇಳಿ, ಬೇಕಾದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅವರನ್ನು ಖಾಯಂ ಮಾಡಿ ಎಂದು ನ್ಯಾಯಾಲಯ ಆಜ್ಞೆ ಮಾಡಿತು.

ನಮ್ಮ ಹಿರಿಯರು ಕಚೇರಿಗೆ ತಂದ ಗಂಟಿನ ಬೆಲೆ ಈಗ ತಿಳಿಯಿತೇ? ಆ ಹಾಜರಿ ಚೀಟಿಗಳು ಕಾಗದವಲ್ಲ, ಆಯುಧ.

ಮುಂಬಾಗಿಲು ತೆರೆಯುವಾಗ ಹಿಂಬಾಗಿಲಿಗೆ ಕಂತ್ರಾಟುದಾರ

ಇಷ್ಟು ಓದಿ, ಇನ್ನು ಗೆದ್ದೆವು ಎಂದು ಮೈಮರೆಯುವ ಬಂಧುಗಳಿಗೆ ಒಂದು ಎಚ್ಚರಿಕೆ. ಈ ತೀರ್ಪುಗಳೆಲ್ಲ ಇಲಾಖೆಯೇ, ನಿಗಮವೇ ನೇರವಾಗಿ ದುಡಿಸಿಕೊಂಡವರವು. ನಡುವೆ ನಿಜವಾಗಿಯೂ ಒಬ್ಬ ಕಂತ್ರಾಟುದಾರ ನಿಂತರೆ? ಅಲ್ಲಿ ದಾರಿ ಬಲು ಕಿರಿದು.

1970ರ ಕಂತ್ರಾಟು ಕಾರ್ಮಿಕ ಕಾಯಿದೆ, ಸದಾ ನಡೆಯುವ ಕೆಲಸದಲ್ಲಿ ಕಂತ್ರಾಟನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ನಿಷೇಧವಾದರೆ ಆ ಕೆಲಸಗಾರರು ಮೂಲ ಯಜಮಾನನ ನೌಕರರೇ ಆಗುತ್ತಾರೆ ಎಂದು 1996ರಲ್ಲಿ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಐದು ವರ್ಷವೂ ತುಂಬಲಿಲ್ಲ. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರ ಪೀಠ ಅದನ್ನು ಅಳಿಸಿಹಾಕಿತು. ಕಂತ್ರಾಟು ನಿಷೇಧವಾದರೂ ಕೆಲಸಗಾರ ತಾನಾಗಿ ಖಾಯಂ ಆಗುವುದಿಲ್ಲ. ಕಂತ್ರಾಟು ಬರೀ ವೇಷ, ನಿಜವಾದ ಯಜಮಾನ ಬೇರೆ ಎಂದು ಔದ್ಯೋಗಿಕ ನ್ಯಾಯಾಲಯದಲ್ಲಿ ರುಜುವಾತು ಮಾಡಿದರೆ ಮಾತ್ರ ಉಂಟು ಎಂದಿತು. ಅಂದರೆ, ಕಂತ್ರಾಟು ಇದ್ದಾಗ ಕೂಲಿಯಾದರೂ ಇತ್ತು; ಅದನ್ನು ನಿಷೇಧಿಸಿದರೆ ಕೂಲಿಯೂ ಹೋಗುತ್ತದೆ! ಔಷಧಿ ಕುಡಿದವನೇ ಸಾಯುವ ಚಿಕಿತ್ಸೆ ಇದು.

ಈಗ ಆ 1970ರ ಕಾಯಿದೆಯೂ ಇಲ್ಲ. 2019 ಮತ್ತು 2020ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಕಂತ್ರಾಟಿನ ಅಧ್ಯಾಯ ಹಿಂದೆ 20 ಕಂತ್ರಾಟು ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿತ್ತು, ಈಗ 50 ಜನ ಬೇಕು. 49 ಜನರಿದ್ದ ಕಂತ್ರಾಟುದಾರ ಸುಖಿ. ಮುಖ್ಯ ಕೆಲಸದಲ್ಲಿ ಕಂತ್ರಾಟು ಕೂಡದು ಎಂದು ಸಂಹಿತೆ ಹೇಳುತ್ತದೆ, ಕೇಳಲು ಇಂಪಾಗಿದೆ. ಆದರೆ ಮುಖ್ಯ ಕೆಲಸ ಅಲ್ಲದ್ದು ಯಾವುದು ಎಂಬ ಪಟ್ಟಿಯನ್ನು ನೋಡಿರಿ: ನೈರ್ಮಲ್ಯ, ಕಾವಲು, ಕ್ಯಾಂಟೀನು, ಸರಕು ಹೇರುವುದು ಇಳಿಸುವುದು, ತೋಟಗಾರಿಕೆ, ಸಾಗಾಣಿಕೆ. ಆ ಸಂಸ್ಥೆ ಇರುವುದೇ ಅಂಥ ಕೆಲಸಕ್ಕಾಗಿ ಎಂದಾದರೆ ಮಾತ್ರ ಅದಕ್ಕೆ ರಕ್ಷಣೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2024ರಲ್ಲಿ, 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವರು ಯಾರು? ಕಸ ಗುಡಿಸುವವರು, ತೋಟದ ಮಾಲಿಗಳು. ಸಂಹಿತೆ ಕಂತ್ರಾಟಿಗೆ ಬಿಟ್ಟುಕೊಟ್ಟ ಪಟ್ಟಿಯಲ್ಲಿ ಇರುವವರು ಯಾರು? ಅದೇ ಕಸ ಗುಡಿಸುವವರು, ಅದೇ ಮಾಲಿಗಳು! ನ್ಯಾಯಾಲಯ ಮುಂಬಾಗಿಲಿನಲ್ಲಿ ಇವರನ್ನು ಒಳಗೆ ಕರೆಯುತ್ತಿರುವಾಗ, ಕಾಯಿದೆ ಇವರ ಮುಂದಿನ ತಲೆಮಾರನ್ನು ಹಿಂಬಾಗಿಲಿನಲ್ಲಿ ಕಂತ್ರಾಟುದಾರನ ಕೈಗೆ ಒಪ್ಪಿಸುತ್ತಿದೆ. ಹೊಸಬರನ್ನು ನೇರವಾಗಿ ದಿನಗೂಲಿಗೆ ತೆಗೆದುಕೊಂಡರೆ ನಾಳೆ ಖಾಯಂ ಕೇಳುತ್ತಾರೆ, ಏಜೆನ್ಸಿಯ ಮೂಲಕ ತೆಗೆದುಕೊಂಡರೆ ಕೇಳುವವರೇ ಇಲ್ಲ. ಈ ಪಾಠವನ್ನು ಎಲ್ಲ ಕಚೇರಿಗಳೂ, ಎಲ್ಲ ಗಿರಣಿಗಳೂ ಆಗಲೇ ಕಲಿತಿವೆ.

ಗಿರಣಿಯ ಬಂಧುಗಳಿಗೆ ಇನ್ನೂ ಇದೆ. ಹಿಂದೆ 100 ಮಂದಿ ದುಡಿಯುವ ಕಾರ್ಖಾನೆಯನ್ನು ಮುಚ್ಚಲು, ಆಳುಗಳನ್ನು ಕಡಿಮೆ ಮಾಡಲು ಸರಕಾರದ ಅನುಮತಿ ಬೇಕಿತ್ತು. ಈಗ ಅದು 300. ನಮ್ಮ ಜಿಲ್ಲೆಯಂಥ ಕಡೆ 300 ಮಂದಿಯ ಗಿರಣಿಗಳು ಎಷ್ಟಿವೆ ಎಂದು ಬೆರಳೆಣಿಸಿ ನೋಡಿರಿ. ಮುಷ್ಕರಕ್ಕೆ ಮುಂಚೆ 14 ದಿನಗಳ ನೋಟೀಸು ಈಗ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಅರ್ಧಕ್ಕರ್ಧ ಕೆಲಸಗಾರರು ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ನಿಗದಿತ ಅವಧಿಯ ನೌಕರನಿಗೆ ಖಾಯಂ ನೌಕರನಷ್ಟೇ ಕೂಲಿ, ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಎಂದು ಸರಕಾರ ಡಂಗುರ ಹೊಡೆಯುತ್ತಿದೆ. ಆ ಮಾತು ಸಂಹಿತೆಯಲ್ಲಿ ಇರುವುದು ನಿಜ, ಅದನ್ನು ನಾವು ಬಿಡದೆ ವಸೂಲು ಮಾಡಬೇಕು. ಆದರೆ ಅವಧಿ ಮುಗಿದ ದಿನ ಕಾರಣ ಹೇಳದೆ ಮನೆಗೆ ಕಳಿಸಿದರೆ ಅದು ವಜಾ ಅಲ್ಲವಂತೆ, ಕೆಲಸ ಕಡಿತವೂ ಅಲ್ಲವಂತೆ. ಸಂಘಕ್ಕೆ ಸೇರಿದವನ ಅವಧಿ ಮತ್ತೆ ಮುಂದುವರಿಯುತ್ತದೆಯೇ? ಯಜಮಾನನ ಮನಸ್ಸನ್ನು ಬಲ್ಲವರು ಉತ್ತರ ಹೇಳಲಿ.

ಅಂಗಡಿಯವರಿಗೆ ಇದರಿಂದೇನು?

‘ಇದು ಕೂಲಿಕಾರರ ಜಗಳ, ನಮಗೇಕೆ?’ ಎನ್ನುವ ಚಿಕ್ಕ ವ್ಯಾಪಾರಿ ಬಂಧುಗಳು ತಮ್ಮ ಉದ್ದರಿ ಪುಸ್ತಕವನ್ನೊಮ್ಮೆ ತಿರುವಿ ಹಾಕಲಿ. ಬಾಕಿ ತೀರಿಸದೆ ಉಳಿದವರು ಯಾರು? ತಿಂಗಳ ಸಂಬಳ ಮೂರು ತಿಂಗಳಿಗೆ ಬರುವ ಕಂತ್ರಾಟು ಕೂಲಿಕಾರರು. ಹಬ್ಬಕ್ಕೆ ಬಟ್ಟೆ, ಮಗಳ ಮದುವೆಗೆ ಪಾತ್ರೆ ಕೊಳ್ಳಬೇಕಾದವನು ನಾಳೆಯ ಕೆಲಸ ಗೊತ್ತಿಲ್ಲದೆ ಅರ್ಧ ಸೇರು ಬೇಳೆಯನ್ನೂ ಸಾಲ ಕೇಳುತ್ತಾನೆ. ಕೂಲಿಕಾರನ ಜೇಬು ಹಂಗಾಮಿಯಾದರೆ ಅಂಗಡಿಯ ಗಲ್ಲಾವೂ ಹಂಗಾಮಿಯೇ.

ಬೀದಿಬದಿಯ ವ್ಯಾಪಾರಿಯಂತೂ ಇದೇ ಸುಳ್ಳಿನ ಇನ್ನೊಬ್ಬ ಬಲಿ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಮೂಲಭೂತ ಹಕ್ಕಿನೊಳಗೆ ಬರುತ್ತದೆ, ಅದಕ್ಕೆ ನ್ಯಾಯವಾದ ನಿಯಮ ಹಾಕಬಹುದು ಅಷ್ಟೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. ಅದು ಕಾಯಿದೆಯಾಗಲು 2014 ಬರಬೇಕಾಯಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾವ ವ್ಯಾಪಾರಿಯನ್ನೂ ಎಬ್ಬಿಸಕೂಡದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಇರಬೇಕು ಎಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಬುಟ್ಟಿ ಎತ್ತಿ ಲಾರಿಗೆ ಎಸೆಯುವಾಗ ಕಾಯಿದೆಯ ಪುಟ ತೆರೆದು ನೋಡುವವರು ಯಾರು? ಮೂವತ್ತು ವರ್ಷ ಒಂದೇ ಮರದ ಕೆಳಗೆ ಹೂ ಮಾರಿದವಳೂ ಹಂಗಾಮಿ, ಇಪ್ಪತ್ತೆರಡು ವರ್ಷ ಪಂಪು ನಡೆಸಿದವನೂ ಹಂಗಾಮಿ. ಈ ಊರಿನಲ್ಲಿ ಖಾಯಂ ಯಾರು?

ಮಾಡಬೇಕಾದ್ದು

ನ್ಯಾಯಾಲಯವನ್ನು ನಾವು ಪೂಜಿಸುವುದಿಲ್ಲ, ಜರೆಯುವುದೂ ಇಲ್ಲ. 1990ರಲ್ಲಿ ತೆರೆದ ಬಾಗಿಲು 2006ರಲ್ಲಿ ಮುಚ್ಚಿತು, 2024ರಲ್ಲಿ ಮತ್ತೆ ಅರ್ಧ ತೆರೆಯಿತು. ನಾಳೆ ಮತ್ತೆ ಮುಚ್ಚಬಹುದು. ತೆರೆದಿರುವಾಗ ಒಳಗೆ ಕಾಲಿಡುವುದು ಜಾಣತನ. ಬಾಗಿಲು ಮುಚ್ಚದಂತೆ ಹಿಡಿದುಕೊಳ್ಳುವ ಶಕ್ತಿ ಮಾತ್ರ ಸಂಘಟನೆಯದು.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. 2022ರ ಜುಲೈನಲ್ಲಿ ನಮ್ಮ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕು ದಿನದಲ್ಲಿ ಪಟ್ಟಣಗಳು ನಾರತೊಡಗಿದವು. ವರ್ಷಗಟ್ಟಲೆ ಕಿವುಡಾಗಿದ್ದ ಸರಕಾರಕ್ಕೆ ಕಿವಿ ಬಂತು, ಖಾಯಂ ಮಾಡುವ ಮಾತು ಕೊಟ್ಟಿತು. ಆ ಮಾತನ್ನು ಬೆನ್ನಟ್ಟಿದ್ದರಿಂದಲೇ 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಖಾಯಂ ನೇಮಕದ ಹುಕುಮು ಬಂತು. ಪುಸ್ತಕದಲ್ಲಿ ಇದ್ದ ಹಕ್ಕನ್ನು ಬೀದಿಗೆ ತಂದವರು ಅವರು.

ಆದ್ದರಿಂದ ನಮ್ಮ ಬಂಧುಗಳಿಗೆ ನಾವು ಹೇಳುವುದಿಷ್ಟು. ಹಾಜರಿ ಚೀಟಿ, ಸಂಬಳದ ಚೀಟಿ, ಗುರುತಿನ ಚೀಟಿ, ಭವಿಷ್ಯನಿಧಿಯ ಲೆಕ್ಕ, ಇವುಗಳಲ್ಲಿ ಒಂದನ್ನೂ ಬಿಸಾಡಬೇಡಿ. ಕೆಲಸದಿಂದ ತೆಗೆದರೆ ಸುಮ್ಮನೆ ಅಳುತ್ತ ಕೂರಬೇಡಿ. ಹೊಸ ಸಂಹಿತೆಯಲ್ಲಿ ಸಂಧಾನಾಧಿಕಾರಿಯ ಮುಂದೆ ವಿವಾದ ತರಲು ಎರಡೇ ವರ್ಷ ಗಡುವು, ಹಿಂದೆ ಮೂರು ಇತ್ತು. ಕಂತ್ರಾಟುದಾರರು ಬದಲಾದರೂ ಕೆಲಸವೂ ಮೇಸ್ತ್ರಿಯೂ ಬದಲಾಗದಿದ್ದರೆ ಅದನ್ನು ಬರೆದಿಡಿ, ಕಂತ್ರಾಟು ವೇಷ ಎಂಬುದಕ್ಕೆ ಅಂಥವೇ ಸಾಕ್ಷಿ. ಒಬ್ಬೊಬ್ಬರೇ ಕೋರ್ಟಿಗೆ ಹೋಗಬೇಡಿ, ಸಂಘವಾಗಿ ಹೋಗಿ. ಧಾರವಾಡದವರು ಹೋದದ್ದು ಹಾಗೆ.

ಜಿಲ್ಲೆಯ ಅಧಿಕಾರಿಗಳಿಗೂ ಒಂದು ಬೇಡಿಕೆ. ಜಿಲ್ಲೆಯ ಪ್ರತಿ ಕಚೇರಿಯಲ್ಲಿ, ಪುರಸಭೆಯಲ್ಲಿ, ಪಂಚಾಯಿತಿಯಲ್ಲಿ ಹತ್ತು ವರ್ಷ ಮೀರಿ ದುಡಿದ ಹಂಗಾಮಿಗಳ ಪಟ್ಟಿಯನ್ನು ಪ್ರಕಟಿಸಿ. ಪಟ್ಟಿ ಮಾಡಲು ದುಡ್ಡು ಬೇಡ, ನಾಚಿಕೆ ಬಿಡಬೇಕು ಅಷ್ಟೆ.

ಆ ಹಿರಿಯರು ಗಂಟು ಕಟ್ಟಿಕೊಂಡು ಹೊರಡುವಾಗ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: “ನನಗೆ ನಿವೃತ್ತಿಗೆ ಮೂರು ವರ್ಷ ಇದೆ. ನನ್ನ ಮಗನೂ ಅಲ್ಲೇ ಸೇರಿದ್ದಾನೆ, ಏಜೆನ್ಸಿಯ ಮೂಲಕ.” ತಂದೆಗೆ ಸಿಗದ ನ್ಯಾಯವನ್ನು ಮಗನಿಗೂ ತಪ್ಪಿಸುವ ಏರ್ಪಾಡು ಆಗಲೇ ಆಗಿದೆ. ಈ ಏರ್ಪಾಡನ್ನು ಒಡೆಯುವ ಕೆಲಸ ಮಾತ್ರ ಹಂಗಾಮಿ ಅಲ್ಲ. ಅದು ನಮ್ಮೆಲ್ಲರ ಖಾಯಂ ಕೆಲಸ.